ಅಪ್ಪನ ಹಳೇ ಫೋನಿಗೆ ವಾಟ್ಸಾಪ್ ಹಾಕಲು ಹೋಗಿ ಆದ ಎಡವಟ್ಟು

ಮನೆಯಲ್ಲಿ ಯಾರ ಹತ್ತಿರವಾದರೂ ಆಂಡ್ರಾಯ್ಡ್ 4.4ರ ಕಾಲದ ಫೋನು ಇದ್ದರೆ, ಗೂಗಲ್‌ನಲ್ಲಿ ಹುಡುಕಿ ಅದಕ್ಕೆ ವಾಟ್ಸಾಪ್ ಎಪಿಕೆ (ಆ್ಯಪನ್ನು ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಹಾಕುವ ಫೈಲು) ಹಾಕಲು ಹೋಗಬೇಡಿ. ನಾನು ಹಾಕಿದೆ. ಅದೂ ನನ್ನ ಫೋನಿಗಲ್ಲ, ಅಪ್ಪನ ಫೋನಿಗೆ. ಮೊನ್ನೆ ಆಫೀಸಿನಲ್ಲಿ ಒಬ್ಬರು ಅವರಮ್ಮನ ಫೋನಿಗೆ ಇದೇ ಕೆಲಸ ಮಾಡಲು ಹೊರಟಿದ್ದರು, ಅದಕ್ಕೆ ಬರೆಯುತ್ತಿದ್ದೇನೆ.

ಅಪ್ಪ ಇರುವುದು ತೀರ್ಥಹಳ್ಳಿ ಹತ್ತಿರ. 2014ರಲ್ಲಿ ತೆಗೆದುಕೊಂಡ ಫೋನು. ಎರಡು ಸಲ ಬ್ಯಾಟರಿ ಬದಲಾಗಿದೆ, ಹಿಂದಿನ ಮುಚ್ಚಳ ನಿಲ್ಲಲು ರಬ್ಬರ್ ಬ್ಯಾಂಡು. ಅವರಿಗೆ ಅದರಲ್ಲಿ ಬೇಕಾಗಿದ್ದು ಒಂದೇ, ಅಡಿಕೆ ಧಾರಣೆ ಬರುವ ವಾಟ್ಸಾಪ್ ಗ್ರೂಪು. ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು ಅಂತ ನೋಡದೆ ಊಟ ಇಳಿಯುವುದಿಲ್ಲ. 2023ರ ಅಕ್ಟೋಬರ್ 24ರಿಂದ ವಾಟ್ಸಾಪ್‌ನವರು ಆಂಡ್ರಾಯ್ಡ್ 5.0ಕ್ಕಿಂತ ಹಳೆಯ ಫೋನುಗಳನ್ನು ಕೈಬಿಟ್ಟರು. ಅಪ್ಪನ ಧಾರಣೆಯೂ ನಿಂತಿತು. ದೀಪಾವಳಿಗೆ ಊರಿಗೆ ಹೋದಾಗ, "ಕಂಪ್ಯೂಟರ್ ಓದಿದವನಲ್ವಾ ಮಾರಾಯ, ಇದನ್ನೊಂದು ಸರಿ ಮಾಡು" ಅಂದರು.

ಮೊದಲು ಫೋನಿನ ತಾರೀಕನ್ನು ಎರಡು ತಿಂಗಳು ಹಿಂದಕ್ಕೆ ಹಾಕಿದೆ. ವಾಟ್ಸಾಪ್ ಕೂಡಲೇ, ನಿಮ್ಮ ತಾರೀಕು ಸರಿಯಿಲ್ಲ ಅಂತು. ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ ಪ್ಲೇ ಸ್ಟೋರ್‌ಗೆ ಹೋದೆ. ಈ ಫೋನಿಗೆ ಆಗುವುದಿಲ್ಲ ಅಂತ ಒಂದೇ ಸಾಲಿನ ಉತ್ತರ. ಅಲ್ಲಿಗೆ ಬಿಡಬೇಕಿತ್ತು.

ಬಿಡಲಿಲ್ಲ. ಹಳೇ ವರ್ಷನ್ ಎಪಿಕೆ ಅಂತ ಹುಡುಕಿದೆ. 'ಹಳೇ ಫೋನಿನಲ್ಲೂ ನೂರಕ್ಕೆ ನೂರು ಓಡುತ್ತದೆ' ಅನ್ನುವ ಸೈಟೊಂದು ಸಿಕ್ಕಿತು. ಪುಟದ ತುಂಬ ಹಸಿರು ಡೌನ್‌ಲೋಡ್ ಬಟನ್ನುಗಳು, ಯಾವುದು ಜಾಹೀರಾತು ಯಾವುದು ನಿಜ ಗೊತ್ತಾಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ 'ಅನ್‌ನೋನ್ ಸೋರ್ಸಸ್', ಅಂದರೆ ಪ್ಲೇ ಸ್ಟೋರ್ ಹೊರಗಿನ ಆ್ಯಪ್ ಹಾಕಲು ಬಿಡುವುದು, ಆನ್ ಮಾಡಿದೆ. ಫೋನು ಎಚ್ಚರಿಕೆ ಕೊಟ್ಟಿತು, ಓಕೆ ಒತ್ತಿದೆ. ಅನುಮತಿಗಳ ಉದ್ದ ಪಟ್ಟಿ ಬಂತು. ನೆಕ್ಸ್ಟ್, ನೆಕ್ಸ್ಟ್, ಇನ್‌ಸ್ಟಾಲ್.

ನಾನು ಎಡವಿದ್ದು ಇಲ್ಲೇ. ಆಂಡ್ರಾಯ್ಡ್ 6ರಿಂದ ಈಚೆಗೆ ಆ್ಯಪ್ ಕ್ಯಾಮೆರಾ, ಎಸ್‌ಎಂಎಸ್ ಮುಟ್ಟುವಾಗ ಒಂದೊಂದಕ್ಕೂ ಬೇರೆಬೇರೆ ಕೇಳುತ್ತದೆ. ಬೇಡ ಅನ್ನಬಹುದು. ಹಳೆಯದರಲ್ಲಿ ಹಾಗಿಲ್ಲ. ಇನ್‌ಸ್ಟಾಲ್ ಒತ್ತಿದರೆ ಪಟ್ಟಿಯಲ್ಲಿ ಇರುವುದೆಲ್ಲ ಒಟ್ಟಿಗೆ ಕೊಟ್ಟಂತೆ: ಎಸ್‌ಎಂಎಸ್ ಓದುವುದು, ಕಳಿಸುವುದು, ಕಾಂಟ್ಯಾಕ್ಟ್ಸ್ ನೋಡುವುದು, ಎಲ್ಲ. ಇನ್ನೊಂದು ಮಾತು ಆಮೇಲೆ ಹೊಳೆಯಿತು. ಅಸಲಿ ವಾಟ್ಸಾಪ್‌ನ ಹಳೇ ವರ್ಷನ್‌ಗೆ ಅವಧಿ ಇರುತ್ತದೆ, ಮುಗಿದ ಮೇಲೆ ಅದು ಓಡುವುದಿಲ್ಲ. ಅಂದಮೇಲೆ ಈ ಫೋನಿನಲ್ಲಿ ಓಡಿದ್ದು ಯಾರೋ ಬಿಚ್ಚಿ ತಿದ್ದಿ ಮತ್ತೆ ಹೊಲಿದದ್ದು!

ಓಡಿತಂತೂ ಹೌದು. ಧಾರಣೆ ಬಂತು, ನಾಲ್ಕು ದಿನ ನನಗೆ ಮರ್ಯಾದೆಯೋ ಮರ್ಯಾದೆ.

ಐದನೇ ದಿನ ದಾವಣಗೆರೆ ಅತ್ತೆ ಫೋನ್ ಮಾಡಿದರು. "ಏನೋ ಇದು, ಅಣ್ಣ ನನಗೆ ಸಾಲ ಕೊಡ್ತೀನಿ ಅಂತ ಲಿಂಕ್ ಕಳಿಸಿದಾನೆ?" ಅಪ್ಪನಿಗೆ ಎಸ್‌ಎಂಎಸ್ ಕಳಿಸಲು ಬರುವುದೇ ಇಲ್ಲ. ಅವರ ಫೋನಿನಲ್ಲಿ ಸಿಮ್ ಕಂಪನಿಯ ಮೆಸೇಜೊಂದು ಇತ್ತು: ದಿನದ 100 ಎಸ್‌ಎಂಎಸ್ ಮುಗಿದಿದೆ. ಅದರ ಕೆಳಗೆ ರಾತ್ರಿ ಎರಡು ಗಂಟೆಗೆ ಬ್ಯಾಂಕಿನಿಂದ ಬಂದ ಎರಡು ಒಟಿಪಿ, ಯಾರೂ ಕೇಳದೇ ಇದ್ದದ್ದು. ಅದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು.

ಅನ್‌ಇನ್‌ಸ್ಟಾಲ್ ಮಾಡೋಣ ಅಂದರೆ ಬಟನ್ ಬೂದಿ ಬಣ್ಣಕ್ಕೆ ತಿರುಗಿ ಸತ್ತು ಕೂತಿದೆ. ಆ ಆ್ಯಪ್ ತನ್ನನ್ನು ಡಿವೈಸ್ ಅಡ್ಮಿನಿಸ್ಟ್ರೇಟರ್, ಅಂದರೆ ಫೋನಿನ ಮೇಲೆ ವಿಶೇಷ ಅಧಿಕಾರ ಇರುವ ಆ್ಯಪ್, ಮಾಡಿಕೊಂಡಿತ್ತು. ಸೆಟ್ಟಿಂಗ್ಸ್, ಸೆಕ್ಯುರಿಟಿ, ಅಲ್ಲಿ ಡಿವೈಸ್ ಅಡ್ಮಿನಿಸ್ಟ್ರೇಟರ್ಸ್, ಅದರಲ್ಲಿ ಟಿಕ್ ತೆಗೆದ ಮೇಲೆ ಹೋಯಿತು. ಆದರೂ ನಂಬಿಕೆ ಬರಲಿಲ್ಲ. ಸಿಮ್ ಕಿತ್ತು ಕೀಪ್ಯಾಡ್ ಫೋನಿಗೆ ಹಾಕಿ, ಫೋನನ್ನು ಪೂರ್ತಿ ರೀಸೆಟ್ ಮಾಡಿದೆ. ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿದೆ, ಪಾಸ್‌ವರ್ಡ್‌ಗಳನ್ನು ನನ್ನ ಫೋನಿನಿಂದ ಬದಲಿಸಿದೆ. ಪುಣ್ಯಕ್ಕೆ ದುಡ್ಡು ಹೋಗಿರಲಿಲ್ಲ. ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಬ್ಯಾಂಕಿಗೆ ಮಾಡಿದೆವಲ್ಲ ಅಂತ ಕೂರಬಾರದು. ರೀಸೆಟ್‌ನಲ್ಲಿ ಹಳೇ ಫೋಟೋಗಳೆಲ್ಲ ಹೋದವು, ಅದಕ್ಕೆ ಅಮ್ಮ ಇನ್ನೂ ಬಯ್ಯುತ್ತಾರೆ.

ಈಗ ಹೊಸ ಫೋನು ತೆಗೆಸುವ ಮುಂಚೆ, ಸೆಕೆಂಡ್ ಹ್ಯಾಂಡ್ ಆದರೂ ಸರಿ, ಅಬೌಟ್ ಫೋನ್‌ಗೆ ಹೋಗಿ ಆಂಡ್ರಾಯ್ಡ್ ಎಷ್ಟನೆಯದು ಅಂತ ನೋಡುತ್ತೇನೆ. ಅಂಗಡಿಯವನು 'ಎಲ್ಲ ಆ್ಯಪ್ ಓಡುತ್ತೆ ಸರ್' ಅಂದರೆ, ಪ್ಲೇ ಸ್ಟೋರ್ ತೆಗೆದು ಅಲ್ಲೇ ಹಾಕಿ ತೋರಿಸು ಅನ್ನುತ್ತೇನೆ. ಅಪ್ಪನಿಗೆ ಆಂಡ್ರಾಯ್ಡ್ 10ರದ್ದು ಒಂದು ಸಿಕ್ಕಿತು. ರಬ್ಬರ್ ಬ್ಯಾಂಡಿನ ಫೋನು ಸಿಮ್ ಇಲ್ಲದೆ ಕೊಟ್ಟಿಗೆಯಲ್ಲಿ ನೇತಾಡುತ್ತಿದೆ. ಹಾಲು ಕರೆಯುವಾಗ ಅದರಲ್ಲಿ ಎಫ್‌ಎಂ ಹಾಕುತ್ತಾರೆ.