ಸಪ್ತಾಪುರ, ವಿದ್ಯಾನಗರ, ಶ್ರೀನಗರ: ರೂಮ್ ಹಿಡಿಯುವ ಮೊದಲು ನಳ ತಿರುಗಿಸಿ ನೋಡಿ

ಧಾರವಾಡಕ್ಕೆ ಓದಲು ಬರುವವರು ರೂಮ್ ನೋಡುವಾಗ ಕೇಳುವ ಮೊದಲ ಮಾತು "ಬಾಡಿಗೆ ಎಷ್ಟು?". ಎರಡನೆಯದು "ಕಾಲೇಜಿಗೆ ಎಷ್ಟು ದೂರ?". ಮೂರು ಕಡೆ ಇದ್ದು ನೋಡಿದ ಮೇಲೆ ನಾನು ಹೇಳೋದು ಇಷ್ಟು: ಮೊದಲು ನೀರಿನ ವಿಷಯ ಕೇಳಿ. ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಸಂಪ್ ಎಷ್ಟು ದೊಡ್ಡದು, ಆ ಸಂಪ್ ಮೇಲೆ ಎಷ್ಟು ಮಂದಿ ಇದ್ದಾರೆ. ಈ ಲೆಕ್ಕದಲ್ಲಿ ನನಗೆ ಸರಿಹೋಗಿದ್ದು ಧಾರವಾಡದ್ದೇ ಶ್ರೀನಗರ ಸರ್ಕಲ್ ಕಡೆಯ ಮನೆ. ಈಗಲೂ ಅಲ್ಲೇ ಇದ್ದೇನೆ, ಎಂ.ಎಸ್ಸಿ. ಮುಗಿಯುವ ತನಕ ಬಿಡುವ ವಿಚಾರ ಇಲ್ಲ.

ನಾನು ಹಾವೇರಿ ಕಡೆಯವಳು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದುತ್ತಿದ್ದೇನೆ. ಪ್ರಾಕ್ಟಿಕಲ್ ಇರುವ ದಿನ ಸಂಜೆ ತನಕ ಲ್ಯಾಬ್‌ನಲ್ಲಿ ನಿಂತೇ ಇರಬೇಕು. ಮನೆಯಿಂದ ತಿಂಗಳಿಗೆ ಐದು ಸಾವಿರಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಹಾಸ್ಟೆಲ್ ಸೀಟ್ ಸಿಕ್ಕರೆ ಅದೇ ಎಲ್ಲಕ್ಕಿಂತ ಒಳ್ಳೆಯದು, ಈ ಬರಹವನ್ನು ಮುಂದೆ ಓದುವ ಅಗತ್ಯವೇ ಇಲ್ಲ. ಸೀಟ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳು ಊಟ-ವಸತಿಗೆ ಸರ್ಕಾರ ದುಡ್ಡು ಕೊಡುವ ವಿದ್ಯಾಸಿರಿ ಯೋಜನೆಗೆ ಅರ್ಜಿ ಹಾಕಬೇಕು. ನನಗೆ ಬಂದಾಗ ತಿಂಗಳಿಗೆ 1,500 ರೂಪಾಯಿಯಂತೆ ವರ್ಷದಲ್ಲಿ 10 ತಿಂಗಳ ಲೆಕ್ಕ. ದುಡ್ಡು ತಡವಾಗಿ ಬಂದರೂ ಕೈ ಹಿಡಿಯುತ್ತದೆ.

ಮೊದಲು ಇದ್ದಿದ್ದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಚಿಕ್ಕಮ್ಮನ ಮಗಳು ಅಲ್ಲಿ ಎಂಜಿನಿಯರಿಂಗ್ ಓದುತ್ತಾಳೆ, ಅವಳ ಪಿ.ಜಿ.ಯಲ್ಲೇ ಒಂದು ಕಾಟ್, ಅಂದರೆ ಒಬ್ಬರು ಮಲಗುವ ಜಾಗ, ಖಾಲಿ ಇತ್ತು. ನಮ್ಮ ಕಡೆ ಎಲ್ಲರೂ ಹುಬ್ಬಳ್ಳಿ-ಧಾರವಾಡ ಅಂತ ಒಂದೇ ಉಸಿರಲ್ಲಿ ಹೇಳುತ್ತಾರೆ. 1962ರಲ್ಲಿ ಎರಡಕ್ಕೂ ಸೇರಿ ಒಂದೇ ಪಾಲಿಕೆ ಆಯಿತು. ಆದರೆ ದಿನಾ ಓಡಾಡುವವರಿಗೆ ನಡುವಿನ 20 ಕಿಲೋಮೀಟರ್ ಚೆನ್ನಾಗಿ ಗೊತ್ತಾಗುತ್ತದೆ.

ವಿದ್ಯಾನಗರದ ಒಳ್ಳೆಯದನ್ನು ಮೊದಲು ಹೇಳಬೇಕು. ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿನ ಕ್ಯಾಂಪಸ್ ಸುತ್ತ ಹುಡುಗಿಯರ ಪಿ.ಜಿ.ಗಳು ಸಾಕಷ್ಟಿವೆ. ರಾತ್ರಿಯೂ ರಸ್ತೆಯಲ್ಲಿ ಜನ ಇರುತ್ತಾರೆ, ಭಯ ಇಲ್ಲ. ಊಟ, ತಿಂಡಿ ಎಲ್ಲ ಸೇರಿ 6,000 ಕೊಡುತ್ತಿದ್ದೆ. ನೀರಿನ ತ್ರಾಸ ಇರಲಿಲ್ಲ, ಕಡಿಮೆ ಬಿದ್ದರೆ ಮಾಲೀಕರೇ ಟ್ಯಾಂಕರ್ ತರಿಸುತ್ತಿದ್ದರು. ಹಾವೇರಿ ಬಸ್ಸೂ ಹುಬ್ಬಳ್ಳಿಯಿಂದಲೇ ಸುಲಭ. ಹುಬ್ಬಳ್ಳಿಯಲ್ಲೇ ಓದುವವರಾಗಿದ್ದರೆ ಬೇರೆ ಏರಿಯಾ ನೋಡುವುದೇ ಬೇಡ.

ಧಾರವಾಡದಲ್ಲಿ ಓದುವವರ ಕಥೆ ಬೇರೆ. ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು ನಿಜವಾಗಿಯೂ ಚೆನ್ನಾಗಿದೆ. ತನ್ನದೇ ದಾರಿ ಇರುವುದರಿಂದ ಟ್ರಾಫಿಕ್ ತೊಂದರೆ ಕಡಿಮೆ, ಸಮಯಕ್ಕೆ ಬರುತ್ತದೆ. ಆದರೆ ಅದು ಎ.ಸಿ. ಬಸ್ಸು, ಶಕ್ತಿ ಯೋಜನೆಯ ಉಚಿತ ಪ್ರಯಾಣ ಅದಕ್ಕೆ ಇಲ್ಲ. ಉಚಿತವಾಗಿ ಹೋಗಬೇಕು ಅಂದರೆ ಸಾದಾ ಬಸ್ಸು ಹತ್ತಬೇಕು. ಅದು ಎಲ್ಲರ ಜೊತೆ ಟ್ರಾಫಿಕ್‌ನಲ್ಲೇ ಬರಬೇಕು. ಯಾವುದರಲ್ಲಿ ಬಂದರೂ ಧಾರವಾಡದಲ್ಲಿ ಇಳಿದು, ಗುಡ್ಡದ ಮೇಲಿನ ಯೂನಿವರ್ಸಿಟಿಗೆ ಇನ್ನೊಂದು ಬಸ್ಸು ಹಿಡಿಯಬೇಕು. ಮಳೆಗಾಲದಲ್ಲಿ ಟೋಲ್ ನಾಕಾ ಹತ್ತಿರ ನೀರು ನಿಂತರೆ ಎಲ್ಲ ಬಸ್ಸಿನ ಲೆಕ್ಕವೂ ತಪ್ಪುತ್ತದೆ. ಸಂಜೆ ಲ್ಯಾಬ್ ಮುಗಿಸಿ ಹೊರಟರೆ ಪಿ.ಜಿ. ಸೇರುವಾಗ ಕತ್ತಲೆ. ಓದಲು ಕೂತರೆ ನಿದ್ದೆ. ದುಡ್ಡೂ ಜಾಸ್ತಿ, ದೂರವೂ ಜಾಸ್ತಿ. ಬಿಟ್ಟೆ.

ಆಮೇಲೆ ಸಪ್ತಾಪುರ. ಧಾರವಾಡಕ್ಕೆ ಓದಲು ಬಂದವರಲ್ಲಿ ಈ ಹೆಸರು ಗೊತ್ತಿಲ್ಲದವರು ಇಲ್ಲ. ಕೆ.ಎ.ಎಸ್., ಪಿ.ಎಸ್.ಐ., ಎಫ್.ಡಿ.ಎ. ಅಂತ ಸರ್ಕಾರಿ ನೌಕರಿಯ ಪರೀಕ್ಷೆಗೆ ತಯಾರಿ ನಡೆಸುವವರು ಉತ್ತರ ಕರ್ನಾಟಕದ ಎಲ್ಲ ಜಿಲ್ಲೆಗಳಿಂದ ಇಲ್ಲಿಗೇ ಬರುತ್ತಾರೆ. ಕೋಚಿಂಗ್ ಸೆಂಟರ್, ಝೆರಾಕ್ಸ್ ಅಂಗಡಿ, ತಿಂಗಳಿಗೆ ಇಷ್ಟು ಅಂತ ಕಟ್ಟಿ ಕೂತು ಓದುವ ಲೈಬ್ರರಿ, ಖಾನಾವಳಿ, ಎಲ್ಲ ಒಂದೇ ಕಡೆ. ಸಪ್ತಾಪುರ ಬಾವಿ ಹತ್ತಿರ ಸಂಜೆ ನಿಂತರೆ ಎಲ್ಲರ ಕೈಯಲ್ಲೂ ಪುಸ್ತಕ. ಆ ವಾತಾವರಣ ನನಗೆ ಬಹಳ ಹಿಡಿಸಿತ್ತು. ಸುಮ್ನೆ ನಡೆದು ಹೋದರೂ ಓದಬೇಕು ಅನಿಸುತ್ತದೆ. ಕ್ಯಾಂಪಸ್‌ಗೆ ನಡೆದೇ ಹೋಗಬಹುದು. ಕಾಟ್‌ಗೆ 1,900, ಎರಡು ಹೊತ್ತಿನ ಮೆಸ್‌ಗೆ 2,800. ಬಿಸಿ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಅನ್ನ-ಸಾರು. ಊಟದ ಬಗ್ಗೆ ದೂರು ಇಲ್ಲ.

ಕಷ್ಟ ಆಗಿದ್ದು ನೀರಿನಲ್ಲಿ.

ಕೆಳಗೆ ಮಾಲೀಕರ ಮನೆ, ಮೇಲಿನ ಎರಡು ಮಹಡಿಯಲ್ಲಿ ನಾವು ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರು. ನಳ ಬರುವುದು ಐದಾರು ದಿನಕ್ಕೊಮ್ಮೆ, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ನಡುರಾತ್ರಿ ನಳದಿಂದ ಮೊದಲು ಸುಂಯ್ ಅಂತ ಬರೀ ಗಾಳಿ ಬರುತ್ತದೆ. ಅಷ್ಟರಲ್ಲಿ ಕೆಳಗಿನಿಂದ ಆಂಟಿ ಕೂಗುತ್ತಿದ್ದರು: "ನಳ ಬಂದಾವು, ಏಳ್ರವ್ವಾ!" ಎಲ್ಲರೂ ಕೊಡ, ಬಕೆಟ್ ಹಿಡಿದು ಮೆಟ್ಟಿಲು ಇಳಿಯಬೇಕು. ಮೊದಲು ಬರುವ ಕೆಂಪು ನೀರನ್ನು ಹೊರಗೆ ಬಿಡಬೇಕು. ತಿಳಿಯಾದ ಮೇಲೆ ಮೊದಲು ಕುಡಿಯುವ ಕೊಡ, ಆಮೇಲೆ ಉಳಿದದ್ದು. ಓಣಿಯಲ್ಲಿ ಯಾರಾದರೂ ನಳಕ್ಕೇ ನೇರವಾಗಿ ಮೋಟರ್ ಹಚ್ಚಿದರೆ ಮುಗಿಯಿತು, ನಮ್ಮ ನಳದಲ್ಲಿ ನೂಲಿನೆಳೆಯಷ್ಟೂ ನೀರು ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಕ್ಲಾಸ್ ಇದ್ದವರಿಗೆ ಆ ರಾತ್ರಿಯ ನಿದ್ದೆ ಹೋದಂತೆಯೇ.

ನಳದ ನೀರು ಮುಗಿದ ಮೇಲೆ ಬೋರ್. ಮಾರ್ಚ್ ಬಂದರೆ ಬೋರ್ ಸಹ ಸೋಲುತ್ತದೆ. ಆಗ ಮಾಲೀಕರು ಟೆರೇಸ್‌ಗೆ ಹೋಗಿ ಟ್ಯಾಂಕಿನ ವಾಲ್ವ್ ಬಂದ್ ಮಾಡುತ್ತಿದ್ದರು. ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು, ಅಷ್ಟೇ. ಬಟ್ಟೆ ಒಗೆಯುವ ಹಾಗಿಲ್ಲ. ಲ್ಯಾಬ್ ಏಪ್ರನ್‌ಗೆ ಆಸಿಡ್ ಕಲೆ, ಬಣ್ಣದ ಕಲೆ ಆಗಿರುತ್ತದೆ, ಅದನ್ನು ಒಗೆಯದೆ ಮತ್ತೆ ಹಾಕಿಕೊಳ್ಳಲು ಆಗುವುದಿಲ್ಲ. ಭಾನುವಾರ ಊರಿಗೆ ಬಟ್ಟೆ ಗಂಟು ಕಟ್ಟಿಕೊಂಡು ಹೋಗಿ ಒಗೆದುಕೊಂಡು ಬಂದಿದ್ದೂ ಇದೆ. ತಿಂಗಳ ಆ ದಿನಗಳಲ್ಲಿ ವಾಲ್ವ್ ಬಂದ್ ಇದ್ದರೆ ಹೆಣ್ಣುಮಕ್ಕಳಿಗೆ ಎಷ್ಟು ಕಷ್ಟ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಇದನ್ನು ಮಾಲೀಕರಿಗೆ ಹೇಳಿದರೆ, "ಎಲ್ಲಾ ಕಡೆ ಹಿಂಗ ಐತವ್ವಾ" ಅನ್ನುವ ಉತ್ತರ.

ಎಲ್ಲಾ ಕಡೆ ಹೀಗಿಲ್ಲ. ಅವಳಿ ನಗರಕ್ಕೆ ಬರುವ ನೀರಿನ ದೊಡ್ಡ ಪಾಲು ಸವದತ್ತಿ ಹತ್ತಿರದ ನವಿಲುತೀರ್ಥದ್ದು, ಮಲಪ್ರಭೆಯದು. ಹುಬ್ಬಳ್ಳಿಗೆ ನೀರಸಾಗರದ ನೀರೂ ಉಂಟು. 2008ರಲ್ಲಿ ಎರಡೂ ಊರಿನ ಕೆಲವು ವಾರ್ಡ್‌ಗಳಲ್ಲಿ ದಿನದ 24 ತಾಸೂ ನೀರು ಬಿಡುವ ವ್ಯವಸ್ಥೆ ಶುರುವಾಯಿತು. ಹಾಗಾಗಿ ಒಂದು ಏರಿಯಾದಲ್ಲಿ ಯಾವಾಗ ತಿರುಗಿಸಿದರೂ ನೀರು, ಇನ್ನೊಂದರಲ್ಲಿ ದಿನಗಟ್ಟಲೆ ಕಾಯಬೇಕು. ಏರಿಯಾದ ಹೆಸರು ಕೇಳಿದರೆ ಸಾಲದು, ಅದೇ ಓಣಿಯ ನಾಲ್ಕು ಮನೆಯವರನ್ನು ಕೇಳಬೇಕು.

ಇನ್ನೊಂದು ವಿಷಯ ಶ್ರೀನಗರಕ್ಕೆ ಬಂದ ಮೇಲೆ ತಿಳಿಯಿತು. ಇಲ್ಲಿಯೂ ನಮ್ಮ ಮನೆಗೆ ನಳ ದಿನಾ ಬರುವುದಿಲ್ಲ. ಆದರೂ ನೀರಿಗೆ ತ್ರಾಸ ಇಲ್ಲ. ಲೆಕ್ಕ ಸರಳ. ಒಬ್ಬ ವಿದ್ಯಾರ್ಥಿ ಎಷ್ಟೇ ಹಿಡಿದು ಬಳಸಿದರೂ ಸ್ನಾನ, ಬಟ್ಟೆ, ಸಂಡಾಸ ಎಲ್ಲ ಸೇರಿ ದಿನಕ್ಕೆ 80 ಲೀಟರ್ ಬೇಕು. ಸಪ್ತಾಪುರದ ಮನೆಯ ಸಂಪ್ 5,000 ಲೀಟರ್‌ನದು, ಮೇಲೆ-ಕೆಳಗೆ ಸೇರಿ 25 ಮಂದಿ. ಎರಡೂವರೆ ದಿನಕ್ಕೆ ಖಾಲಿ. ಈಗಿನ ಮನೆಯ ಸಂಪ್ 6,000 ಲೀಟರ್, ಇರುವವರು ಆರು ಮಂದಿ. ಹನ್ನೆರಡು ದಿನ ಬರುತ್ತದೆ. ನಳ ನಾಲ್ಕು ದಿನ ತಡ ಮಾಡಿದರೂ ಯಾರೂ ರಾತ್ರಿ ಏಳಬೇಕಾಗಿಲ್ಲ. ನೋಡಬೇಕಾದ್ದು ಈ ಭಾಗಾಕಾರವನ್ನು.

ಈ ಮನೆ ಸಿಕ್ಕಿದ್ದು ಬ್ರೋಕರ್ ಇಲ್ಲದೆ. ನಾನೂ ನನ್ನ ಕ್ಲಾಸಿನ ಗದಗದ ಹುಡುಗಿಯೂ ಓಣಿ ಓಣಿ ತಿರುಗಿ ಗೇಟಿನ ಮೇಲಿನ ಬೋರ್ಡ್ ನೋಡುತ್ತಾ ಹೋದೆವು. ಹಿತ್ತಲ ಕಡೆ ಒಂದು ಖೋಲಿ, ಅಡುಗೆ ಕಟ್ಟೆ, ಪ್ರತ್ಯೇಕ ಬಚ್ಚಲು. ಬಾಡಿಗೆ 5,000, ಇಬ್ಬರಿಗೆ ಹಂಚಿದರೆ 2,500. ಮನೆಯ ಅಜ್ಜಿ ನಾವು ಕೇಳುವ ಮೊದಲೇ ಸಂಪಿನ ಕಬ್ಬಿಣದ ಮುಚ್ಚಳ ಎತ್ತಿ ತೋರಿಸಿದರು. "ನೋಡವ್ವಾ, ಕಣ್ಣಿಲೆ ನೋಡ್ಕೋ. ಆಮ್ಯಾಲ ನನ್ನ ಬೈಬಾರ್ದು" ಅಂದರು. ನೀರು ಮುಕ್ಕಾಲು ತುಂಬಿತ್ತು, ತಳದ ಸಿಮೆಂಟು ಕಾಣುವಷ್ಟು ತಿಳಿಯಾಗಿತ್ತು. ಅಲ್ಲೇ ಅಡ್ವಾನ್ಸ್ ಕೊಟ್ಟೆವು.

ನನಗೆ ಬೆಳಿಗ್ಗೆ ಬೇಗ ಏಳುವ ರೂಢಿ, ಅಡುಗೆಯೂ ಬರುತ್ತದೆ. ಜೋಳದ ಹಿಟ್ಟು, ಖಾರಪುಡಿ, ಬೇಳೆ ಊರಿಂದ ಬರುತ್ತವೆ. 5 ಕೆ.ಜಿ.ಯ ಸಣ್ಣ ಸಿಲಿಂಡರ್ ಇಬ್ಬರಿಗೆ ಸಾಕಾಗುತ್ತದೆ. ಕಾಯಿಪಲ್ಯ, ಹಾಲು, ಗ್ಯಾಸ್ ಸೇರಿ ನನ್ನ ಪಾಲಿಗೆ ಸುಮಾರು 1,600. ಒಟ್ಟು ನಾಲ್ಕು ಸಾವಿರದ ಆಸುಪಾಸಿನಲ್ಲಿ ತಿಂಗಳು ಸಾಗುತ್ತದೆ. ಕ್ಯಾಂಪಸ್‌ಗೆ ನಡೆದು ಹೋಗುತ್ತೇನೆ. ಒಳಗೆ ಸೇರಿದ ಮೇಲೆ ದಾರಿಯುದ್ದಕ್ಕೂ ಮರಗಳು, ಬೇಸಿಗೆಯಲ್ಲೂ ದಣಿವಾಗುವುದಿಲ್ಲ. ಅಡುಗೆ ಬೇಡ ಅನ್ನುವವರಿಗೆ ಮಾತ್ರ ಇಲ್ಲಿ ಸಪ್ತಾಪುರದಷ್ಟು ಮೆಸ್‌ಗಳಿಲ್ಲ.

ಮನೆ ನೋಡಲು ಹೋದಾಗ ನಾಚಿಕೆ ಬಿಟ್ಟು ಕೆಲವು ಕೆಲಸ ಮಾಡಿ. ಮೇಲಿನ ಮಹಡಿಯ ನಳ ತಿರುಗಿಸಿ, ಬಕೆಟ್ ತುಂಬುವ ತನಕ ನಿಲ್ಲಿ. ನಳದ ಬಾಯಿಗೆ, ಬಕೆಟ್ ಒಳಗೆ ಬಿಳಿ ಪದರು ಕಟ್ಟಿದೆಯಾ ನೋಡಿ. ಕಟ್ಟಿದ್ದರೆ ಅಲ್ಲಿ ಓಡುವುದು ಬೋರ್ ನೀರು ಅಂತ ತಿಳಿಯಬೇಕು. ಕೈಗೆ ಸೋಪು ಹಚ್ಚಿದರೆ ನೊರೆ ಬರುವುದಿಲ್ಲ, ಅಂಥ ನೀರಲ್ಲಿ ಬೇಳೆ ಬೇಯಲು ಗ್ಯಾಸ್ ಜಾಸ್ತಿ ಬೇಕು. ಟೆರೇಸ್ ಮೇಲೆ ಹೋಗಿ ಟ್ಯಾಂಕ್ ಎಷ್ಟು ಲೀಟರ್‌ನದು ಓದಿಕೊಳ್ಳಿ, ವಾಲ್ವ್‌ಗೆ ಬೀಗ ಇದೆಯಾ ನೋಡಿ. ಈಗ ಅಲ್ಲೇ ಇರುವ ಹುಡುಗಿಯರನ್ನು ಮಾಲೀಕರು ಇಲ್ಲದಾಗ ಮಾತಾಡಿಸಿ. ಶುದ್ಧ ನೀರಿನ ಘಟಕ ಹತ್ತಿರ ಇದೆಯಾ ಕೇಳಿ. ಇದ್ದರೆ ಕೆಲವೇ ರೂಪಾಯಿಗೆ 20 ಲೀಟರ್ ಕ್ಯಾನ್ ತುಂಬುತ್ತದೆ. ದೂರ ಇದ್ದರೆ ಆ ಕ್ಯಾನ್ ಹೊರುವುದೇ ದೊಡ್ಡ ಕೆಲಸ.

ಕರೆಂಟ್ ಬಿಲ್ ಬಗ್ಗೆ ಒಂದು ಮಾತು: ಬಾಡಿಗೆ ಖೋಲಿಗೆ ಪ್ರತ್ಯೇಕ ಮೀಟರ್ ಇದ್ದರೆ ಬಾಡಿಗೆದಾರರೂ ಉಚಿತ ಕರೆಂಟಿನ ಗೃಹಜ್ಯೋತಿಗೆ ನೋಂದಾಯಿಸಬಹುದು, ಮೊದಲೇ ಮಾತಾಡಿಕೊಳ್ಳಿ.

ಗೇಟ್ ಟೈಮ್ ವಿದ್ಯಾನಗರದಲ್ಲಿ ಒಂಬತ್ತೂವರೆ, ಇಲ್ಲಿ ಅಜ್ಜಿ ಮಲಗುವ ತನಕ.

ಮಳೆಗಾಲದಲ್ಲಿ ಬಟ್ಟೆ ಒಣಗುವ ವಿಷಯಕ್ಕೆ ಬಂದರೆ ಹುಬ್ಬಳ್ಳಿಯೇ ಮೇಲು. ಧಾರವಾಡ ಅರೆಮಲೆನಾಡು, ಜುಲೈನಲ್ಲಿ ಜಿಟಿಜಿಟಿ ಹಿಡಿದರೆ ಬಿಡುವುದಿಲ್ಲ. ಜೀನ್ಸ್ ಪ್ಯಾಂಟ್ ಮೂರು ದಿನವಾದರೂ ಹಸಿಯಾಗೇ ಇರುತ್ತದೆ. ಒಳಗೆ ಹಗ್ಗ ಕಟ್ಟಲು ಜಾಗ ಇರುವ ಖೋಲಿ ನೋಡಿ.

ಇನ್ನೊಂದು ವಿಷಯ ಬರೆಯಲೇಬೇಕು. ಖೋಲಿ ಕೇಳಲು ಹೋದಾಗ ಹಲವು ಮನೆಗಳಲ್ಲಿ ಹೆಸರು ಕೇಳುವ ಮೊದಲೇ "ನೀವು ಯಾವ ಮಂದಿ?" ಅಂತ ಕೇಳುತ್ತಾರೆ. ಮೊಟ್ಟೆ ಬೇಯಿಸಬಾರದು ಅನ್ನುವುದು ಮನೆಯ ಪದ್ಧತಿ, ಅದನ್ನು ಬೋರ್ಡ್ ಮೇಲೆ ಬರೆದು ಬಿಡುತ್ತಾರೆ, ಸರಿ. ಜಾತಿ ಕೇಳಿ ಖೋಲಿ ಇಲ್ಲ ಅನ್ನುವುದು ತಪ್ಪು. ನನ್ನ ಜೊತೆ ಬಂದ ಗೆಳತಿ ಇದನ್ನು ಕೇಳಿ ಕೇಳಿ ಒಂದು ಸಂಜೆ ರಸ್ತೆಯಲ್ಲೇ ನಿಂತು ಅತ್ತಿದ್ದಾಳೆ. ಈ ಲೆಕ್ಕದಲ್ಲಿ ಸಪ್ತಾಪುರದ ಕಾಟ್‌ಗಳು ಎಷ್ಟೋ ಮೇಲು, ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಹೊಸದಾಗಿ ಬರುವ ಹುಡುಗಿಯರು ಇದಕ್ಕೆ ಮನಸ್ಸು ಕೆಡಿಸಿಕೊಳ್ಳಬಾರದು. ಕೇಳದೆ ಕೊಡುವ ಮನೆಗಳೂ ಇದ್ದೇ ಇವೆ, ನಮ್ಮ ಅಜ್ಜಿ ಕೇಳಲಿಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗೆ ಆರು ತಿಂಗಳು, ವರ್ಷ ಅಂತ ಬರುವವರು ಸಪ್ತಾಪುರವನ್ನೇ ಹಿಡಿಯಿರಿ, ಆದರೆ ಹತ್ತು ಮಂದಿಗಿಂತ ಜಾಸ್ತಿ ಇಲ್ಲದ ಮನೆ ನೋಡಿ. ಹುಬ್ಬಳ್ಳಿಯಲ್ಲಿ ಕಾಲೇಜು, ಕೈಯಲ್ಲಿ ಆರು ಸಾವಿರ ಇದ್ದರೆ ವಿದ್ಯಾನಗರ. ಯೂನಿವರ್ಸಿಟಿಯಲ್ಲಿ ಎರಡು ವರ್ಷ ಓದುವವರು, ಅಡುಗೆ ಮಾಡಿಕೊಳ್ಳುವವರು, ಜೊತೆಗೆ ಒಬ್ಬ ಗೆಳತಿ ಇರುವವರು ಶ್ರೀನಗರ ಕಡೆ ಬನ್ನಿ. ಕೋರ್ಸ್ ಮುಗಿಸಿದವರು ಊರಿಗೆ ಹೊರಟಾಗ ಇಲ್ಲಿನ ಖೋಲಿಗಳು ಖಾಲಿಯಾಗುತ್ತವೆ, ಕ್ಲಾಸ್ ಶುರುವಾದ ಮೇಲೆ ಬಂದರೆ ಒಳ್ಳೆಯವು ಉಳಿದಿರುವುದಿಲ್ಲ. ಪ್ರವೇಶದ ಪಟ್ಟಿಯಲ್ಲಿ ಹೆಸರು ಬಂದ ವಾರವೇ ಬಂದು ಓಣಿ ಸುತ್ತಿ, ಬೆಳಿಗ್ಗೆ ಏಳೆಂಟರ ಹೊತ್ತಿಗೆ ಹೋದರೆ ಆ ಮನೆಯ ನಳದಲ್ಲಿ ನೀರು ಹೇಗೆ ಬರುತ್ತದೆ ಅನ್ನುವುದೂ ಕಾಣುತ್ತದೆ.