ಪೋರ್ಷೆ 718 ಕೇಮನ್: ಬೇಸ್ ಸಾಕಾ, ಜಿಟಿಎಸ್ 4.0 ಬೇಕಾ?

718 ಕೇಮನ್ ಸ್ಪೋರ್ಟ್ಸ್ ಕಾರಿನ ಬೇಸ್ (ಆರಂಭಿಕ) ಮಾದರಿ, ಅದರ ಮೇಲಿನ ಜಿಟಿಎಸ್ 4.0 ಎರಡರಲ್ಲೂ ಎಂಜಿನ್ ಇರುವುದು ಸೀಟಿನ ಹಿಂದೆ. ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಮೂತಿ ತಿರುಗುವ ಆ ಚುರುಕು ಬೇಸ್‌ನಲ್ಲೂ ಸಿಗುತ್ತದೆ. ಅದಕ್ಕಾಗಿ ಜಾಸ್ತಿ ದುಡ್ಡು ಸುರಿಯಬೇಕಿಲ್ಲ.

ವ್ಯತ್ಯಾಸ ಎಂಜಿನ್‌ನದು. ಬೇಸ್‌ನಲ್ಲಿ 2 ಲೀಟರ್, 4 ಸಿಲಿಂಡರ್ ಟರ್ಬೊ, 300 ಪಿಎಸ್ (ಅಶ್ವಶಕ್ತಿ). 2,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಆಸುಪಾಸಿನಲ್ಲೇ ಟಾರ್ಕ್, ಅಂದರೆ ಎಳೆಯುವ ಬಲ, ಕೈಗೆ ಬರುವುದರಿಂದ ಓವರ್‌ಟೇಕ್ ಸಲೀಸು. ಸದ್ದು ಮಾತ್ರ ಒರಟು, ಗತ್ತಿಲ್ಲ. ಜಿಟಿಎಸ್‌ನ 4 ಲೀಟರ್, 6 ಸಿಲಿಂಡರ್ ಎಂಜಿನ್‌ಗೆ ಟರ್ಬೊ ಇಲ್ಲ, 400 ಪಿಎಸ್. ಆಕ್ಸಿಲರೇಟರ್ ಎಷ್ಟು ಒತ್ತುತ್ತೀರೋ ಅಷ್ಟೇ ಉತ್ತರ, ತಡವಿಲ್ಲ. ಸದ್ದು 7,800 ಆರ್‌ಪಿಎಂವರೆಗೂ ಏರುತ್ತಲೇ ಹೋಗುತ್ತದೆ. ಕೇಳಿದವರು ಬೇಸ್ ಕಡೆ ತಿರುಗಿ ನೋಡುವುದು ಕಷ್ಟ, ಬಿಡಿ.

ಆದರೆ ಜಿಟಿಎಸ್ ಮ್ಯಾನುಯಲ್‌ನ ಗೇರ್‌ಗಳು ತುಂಬಾ ಉದ್ದ. ಎರಡನೇ ಗೇರ್‌ನಲ್ಲೇ ಗಂಟೆಗೆ 130 ಕಿ.ಮೀ. ದಾಟಬಹುದು! ಮಾಮೂಲಿ ರಸ್ತೆಯಲ್ಲಿ ಅದನ್ನು ಪೂರ್ತಿ ಎಳೆಯೋದು ಎಲ್ಲಿ? ಬೇಸ್‌ನಲ್ಲಾದರೆ ಕಡಿಮೆ ವೇಗದಲ್ಲೇ ಕೆಲಸ ಆಗುತ್ತದೆ.

ಜಿಟಿಎಸ್ ಬೇಸ್‌ಗಿಂತ 20 ಮಿ.ಮೀ. ತಗ್ಗು, 20 ಇಂಚಿನ ಚಕ್ರ ಬೇರೆ. ನಮ್ಮ ರೋಡ್ ಹಂಪುಗಳ ಮೇಲೆ ಎದೆ ಝಲ್ಲೆನ್ನುತ್ತದೆ. ಟ್ರ್ಯಾಕ್‌ಗೆ ಹೋಗುವವರಿಗೆ ಜಿಟಿಎಸ್, ದಿನಾ ಓಡಿಸುವವರಿಗೆ ಬೇಸ್ ಅನ್ನುತ್ತೇನೆ. ಬೇಸ್ ಆದರೆ ಪಿಎಎಸ್‌ಎಂ ಡ್ಯಾಂಪರ್ (ರಸ್ತೆಗೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಶಾಕ್ ಅಬ್ಸಾರ್ಬರ್) ಆಯ್ಕೆ ಇರುವ ಕಾರನ್ನೇ ಹುಡುಕಿ.