ಬಿಸಿಲಿದ್ದರೂ ಕರೆಂಟ್ ಇಲ್ಲ: ತಾರಸಿಯ ಸೌರಫಲಕಗಳ ದೀರ್ಘಕಾಲದ ಬಳಕೆಯ ಅನುಭವ

ತಾರಸಿಯ ತುಂಬ ಸೌರಫಲಕಗಳಿದ್ದು, ನೆತ್ತಿ ಸುಡುವ ಬಿಸಿಲಿದ್ದರೂ, ಲೈನಿನಲ್ಲಿ ಕರೆಂಟ್ ಹೋದ ಕ್ಷಣವೇ ಮನೆಯ ಫ್ಯಾನುಗಳೂ ನಿಲ್ಲುತ್ತವೆ ಎಂಬುದನ್ನು ಮಾರುವವರು ಮೊದಲೇ ಹೇಳಬೇಕು. ನಮಗೆ ಹೇಳಲಿಲ್ಲ. ಗ್ರಿಡ್‌ಗೆ (ಊರಿನ ವಿದ್ಯುತ್ ಜಾಲಕ್ಕೆ) ಜೋಡಿಸಿದ, ಬ್ಯಾಟರಿಯಿಲ್ಲದ ವ್ಯವಸ್ಥೆಯನ್ನು ಹಲವು ವರ್ಷಗಳಿಂದ ಬಳಸುತ್ತಿರುವ ನನ್ನ ದೊಡ್ಡ ದೂರು ಇದೊಂದೇ.

ಉಳಿದಂತೆ ಈ ವ್ಯವಸ್ಥೆಯ ಮೇಲೆ ನನಗೆ ನಿಜವಾದ ಪ್ರೀತಿಯಿದೆ. ಫಲಕ ಹಾಕಿಸುವ ಮೊದಲೇ ನಾವು ಮನೆಯ ಬಳಕೆಯನ್ನು ತಗ್ಗಿಸಿಕೊಂಡಿದ್ದೆವು. ಸುಮಾರು 75 ವಾಟ್ ಎಳೆಯುತ್ತಿದ್ದ ಹಳೆಯ ಫ್ಯಾನುಗಳ ಜಾಗಕ್ಕೆ ಕಡಿಮೆ ವಿದ್ಯುತ್ತಿನ ಮೋಟಾರಿರುವ 30 ವಾಟ್‌ನ ಬಿಎಲ್‌ಡಿಸಿ ಫ್ಯಾನುಗಳೂ, 60 ವಾಟ್ ಬಲ್ಬುಗಳ ಜಾಗಕ್ಕೆ 9 ವಾಟ್‌ನ ಎಲ್‌ಇಡಿಗಳೂ ಬಂದಿದ್ದರಿಂದ ಚಿಕ್ಕ ವ್ಯವಸ್ಥೆಯೇ ನಮಗೆ ಸಾಕಾಯಿತು. ಈಗ ವಾಷಿಂಗ್ ಮೆಷಿನ್, ನೀರಿನ ಪಂಪು, ಇಸ್ತ್ರಿ ಎಲ್ಲವೂ ಬಿಸಿಲೇರಿದ ಮೇಲೆ, ಒಂದಾದ ಮೇಲೊಂದರಂತೆ ನಡೆಯುತ್ತವೆ. ಒಂದು ಮುಗಿಯುವವರೆಗೆ ಇನ್ನೊಂದನ್ನು ಹಚ್ಚುವುದಿಲ್ಲ ಎಂಬುದು ಮನೆಯವರೆಲ್ಲ ಒಪ್ಪಿಕೊಂಡ ನಿಯಮ.

ಫಲಕಗಳನ್ನು ಒರೆಸುವ ಕೆಲಸವನ್ನು ನಾನು ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ. ಕಾದ ಗಾಜಿನ ಮೇಲೆ ತಣ್ಣೀರು ಬೀಳಬಾರದೆಂದು ಬೆಳಕು ಹರಿಯುವಾಗಲೇ ಮೆತ್ತನೆಯ ಬಟ್ಟೆ ಹಿಡಿದು ಮೇಲೆ ಹೋಗುತ್ತೇನೆ. ಚೌಕಟ್ಟಿನ ಕೆಳ ಅಂಚಿನಲ್ಲಿ ನೀರು ನಿಂತು ಆರಿದ ಕಡೆ ಧೂಳು ಪಟ್ಟಿಯಾಗಿ ಕಟ್ಟಿಕೊಂಡಿರುತ್ತದೆ; ಅದನ್ನು ನೆನೆಸಿ, ಉಜ್ಜದೆ ಜಾರಿಸಬೇಕು. ಒಣಗಿದ ಹಕ್ಕಿ ಹಿಕ್ಕೆಯನ್ನಂತೂ ಬಿಡಲೇಬಾರದು. ಫಲಕದೊಳಗೆ ವಿದ್ಯುತ್ ಹುಟ್ಟಿಸುವ ಕೋಶಗಳು ಸಾಲಾಗಿ ಜೋಡಣೆಗೊಂಡಿರುವುದರಿಂದ ಒಂದರ ಮೇಲೆ ಬಿದ್ದ ನೆರಳು ಉಳಿದವುಗಳ ಉತ್ಪಾದನೆಯನ್ನೂ ತಗ್ಗಿಸುತ್ತದೆ, ಮುಚ್ಚಿದ ಕೋಶವೂ ಬಿಸಿಯೇರುತ್ತದೆ. ಕಡು ಬೇಸಿಗೆಗಿಂತ, ಮಳೆ ತೊಳೆದು ಹೋದ ತಂಪಾದ ತಿಳಿ ಹಗಲಿನಲ್ಲೇ ಇನ್ವರ್ಟರಿನ (ಫಲಕಗಳ ವಿದ್ಯುತ್ತನ್ನು ಮನೆಯ ಬಳಕೆಗೆ ತಕ್ಕಂತೆ ಮಾರ್ಪಡಿಸುವ ಯಂತ್ರ) ಉತ್ಪಾದನೆಯ ಅಂಕಿ ಮೇಲೇರುವುದು ನನಗೆ ಅನಿರೀಕ್ಷಿತ ಸಂತೋಷ ತಂದ ಸಂಗತಿ. 25 ಡಿಗ್ರಿಗಿಂತ ಮೇಲೆ ಕೋಶ ಬಿಸಿಯಾದಂತೆ ಪ್ರತಿ ಡಿಗ್ರಿಗೂ ಶೇ 0.3ರಿಂದ 0.4ರಷ್ಟು ಸಾಮರ್ಥ್ಯ ಇಳಿಯುತ್ತದೆ.

ಇಷ್ಟೆಲ್ಲ ಅಕ್ಕರೆಯ ನಡುವೆ ಮಧ್ಯಾಹ್ನ ಕರೆಂಟ್ ಹೋದಾಗ ಆಗುವ ಬೇಸರ ಸಣ್ಣದಲ್ಲ. ಇನ್ವರ್ಟರ್ ತಾನಾಗಿಯೇ ವಿದ್ಯುತ್ ಕೊಡುವುದನ್ನು ನಿಲ್ಲಿಸುತ್ತದೆ, ಅದರಲ್ಲಿ ಕೆಂಪು ದೀಪ ಹತ್ತುತ್ತದೆ. ಲೈನ್ ಮರಳಿದ ಮೇಲೂ ಅದು ಕೆಲವು ನಿಮಿಷ ವೋಲ್ಟೇಜನ್ನು ಪರೀಕ್ಷಿಸುತ್ತ ಕಾಯುತ್ತದೆ. ಇದು ಯಂತ್ರದ ದೋಷವಲ್ಲ. ಸತ್ತ ತಂತಿಯೆಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಮ್ಮ ತಾರಸಿಯ ವಿದ್ಯುತ್ ತಗುಲಬಾರದೆಂದೇ ಈ ಏರ್ಪಾಡು. ಕಾರಣ ತಿಳಿದ ಮೇಲೆ ಇನ್ವರ್ಟರಿನ ಮೇಲಿನ ಕೋಪ ಇಳಿಯಿತು; ಖರೀದಿಯ ಹೊತ್ತಿನಲ್ಲಿ ಮುಚ್ಚಿಟ್ಟವರ ಮೇಲಿನದು ಇಳಿದಿಲ್ಲ.

ಆದ್ದರಿಂದ ಕರೆಂಟ್ ಅಪರೂಪಕ್ಕೆ ಹೋಗುವ ಕಡೆ ಇರುವವರು ನಮ್ಮಂಥ ವ್ಯವಸ್ಥೆಯನ್ನು ನಿಶ್ಚಿಂತೆಯಿಂದ ಹಾಕಿಸಿಕೊಳ್ಳಬಹುದು. ಪದೇ ಪದೇ ಹೋಗುವ ಕಡೆ ಬ್ಯಾಟರಿ ಜೋಡಿಸಿಕೊಂಡು ಕರೆಂಟ್ ಹೋದಾಗಲೂ ಮನೆಗೆ ವಿದ್ಯುತ್ ಕೊಡುವ ಹೈಬ್ರಿಡ್ ಇನ್ವರ್ಟರನ್ನೇ ಕೇಳಿ. ಬ್ಯಾಟರಿಯ ಖರ್ಚಿಗೆ ಹೆದರಬೇಕಾಗಿಲ್ಲ: ನಾಲ್ಕು ಬಿಎಲ್‌ಡಿಸಿ ಫ್ಯಾನು, ಆರು ಎಲ್‌ಇಡಿ ದೀಪ ಸೇರಿ 175 ವಾಟ್ ದಾಟುವುದಿಲ್ಲವಾದ್ದರಿಂದ, ಬಳಸಲು 1 ಯೂನಿಟ್ ಸಿಗುವ ಪುಟ್ಟ ಬ್ಯಾಟರಿಯೇ ಐದು ಗಂಟೆಗೂ ಹೆಚ್ಚು ಕಾಲ ಮನೆಯನ್ನು ನಡೆಸುತ್ತದೆ. ಫಲಕಗಳು 25 ವರ್ಷ ಬಾಳಿದರೂ ಇನ್ವರ್ಟರನ್ನು ಸಾಮಾನ್ಯವಾಗಿ 10ರಿಂದ 15 ವರ್ಷಕ್ಕೆ ಬದಲಿಸಬೇಕಾಗುತ್ತದೆ. ನಮ್ಮದನ್ನು ಬದಲಿಸುವ ದಿನ ಬಂದಾಗ ಹೈಬ್ರಿಡ್ ಅನ್ನೇ ತರುತ್ತೇವೆ.